ಚಿಮುಟದ ಆಚೆ ತುದಿ

ಮೊದಲು ಮನೆ, ಆಮೇಲೆ ಹಾವು
ಎಂದಳು ಮಗಳು, ಹದಿನೈದರ ಗತ್ತಿನಲ್ಲಿ.
ಹಾಗಾಗಿ ಅಂಗಡಿಯ ಹಳೇ ಶೋಕೇಸನ್ನು
ಆಟೋದಲ್ಲಿ ಮಲಗಿಸಿ ತಂದೆ.
ಕೀಲಿ ಕೊಡುವ ವಾಚುಗಳು ಇಪ್ಪತ್ತು ವರ್ಷ ಕೂತ ಗಾಜು;
ಎಷ್ಟು ಒರೆಸಿದರೂ ಎಲ್ಲಿಂದಲೋ
ಮಖಮಲ್ಲಿನ ಒಂದು ಕೆಂಪು ಎಳೆ.

ಒಂದು ಮೂಲೆ ಮೂವತ್ತೆರಡು ಡಿಗ್ರಿ ಇರಬೇಕು,
ಇನ್ನೊಂದು ಇಪ್ಪತ್ತಾರು.
ಗಲ್ಫಿಗೂ ಊರಿಗೂ ಓಡಾಡುವವರ ಹಾಗೆ
ಬಿಸಿ ಬೇಕಾದಾಗ ಅಲ್ಲಿ, ಸಾಕಾದಾಗ ಇಲ್ಲಿ.
ಹಾಸಲು ತೆಂಗಿನ ನಾರಿನ ಪುಡಿ,
ಪೊಟ್ಟಣಕ್ಕೆ ನಾನೂರೈವತ್ತು ಎಂದಾಗ ನಕ್ಕುಬಿಟ್ಟೆ.
ಚೆಮ್ನಾಡಿನ ಹಗ್ಗದ ಮಿಲ್ಲಿನ ಹಿಂದೆ ಅದರ ಗುಡ್ಡವೇ ಇದೆ.
ಗೋಣಿ ಹಿಡಿದು ಹೋದರೆ
ಮೊಯ್ದುಕುಂಞಿ ಕೇಳಿದ: "ಮಲ್ಲಿಗೆ ಗಿಡಕ್ಕೋ?"
"ಹೂಂ" ಎಂದೆ.

ಅರಣ್ಯ ಇಲಾಖೆಯ ಫಾರಮಿನಲ್ಲಿ
ತಳಿ, ಉದ್ದ, ಮೂಲದೇಶ.
ಮಾತೃಭಾಷೆಯ ಕಾಲಂ ಇರಲಿಲ್ಲ.
ಈ ಊರಲ್ಲಿ ಅಂಥ ಕಾಗದ
ನಾನು ತುಂಬಿದ್ದು ಅದೇ ಮೊದಲು.

ಬಂತು. ಆಫ್ರಿಕಾದ ಪುಟ್ಟ ಹೆಬ್ಬಾವು,
ಹೆದರಿದರೆ ಚೆಂಡಾಗುವ ಜಾತಿ.
ಚೆಂಡಾಗಿಯೇ ಬಂತು.
ವಾರಿಜ ತುಳುವಿನಲ್ಲಿ ಬೈದಳು,
ಪಕ್ಕದ ಮನೆಯ ಶ್ಯಾಮಳಾ ಟೀಚರ್ ಮಲಯಾಳದಲ್ಲಿ ಬೆಚ್ಚಿದರು,
ವಯರಿಂಗಿಗೆ ಬಂದ ಕರ್ಮಲ್ಕರ್ ಮರಾಠಿಯಲ್ಲಿ ದೇವರನ್ನು ಕರೆದ.
ಹೊರಗಿವಿಯೇ ಇಲ್ಲದ ಆ ಜೀವ
ಯಾರದನ್ನೂ ಹೆಚ್ಚು ಕಡಿಮೆ ಮಾಡದೆ
ಒಡೆದ ಮಡಕೆಯೊಳಗೆ ಸುತ್ತಿಕೊಂಡಿತು.
ಅತ್ತೆ ಮಾತ್ರ ಕನ್ನಡಕ ಏರಿಸಿ ನೋಡಿ,
"ಹೆಡೆ ಇಲ್ಲ. ದೇವರಲ್ಲ ಬಿಡಿ" ಎಂದು
ಕಾಫಿ ಕೇಳಿದರು.
ಹಾಲಿನ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಇಲಿಗಳು ಎರ್ನಾಕುಳಂನಿಂದ ರೈಲಿನಲ್ಲಿ,
ಥರ್ಮೋಕೋಲ್ ಪೆಟ್ಟಿಗೆಯಲ್ಲಿ,
ಒಂದೊಂದಕ್ಕೂ ಒಂದೊಂದು ಚೀಲ,
ಸ್ವಿಸ್ ಬಿಡಿಭಾಗಗಳ ಹಾಗೆ.
ಬಿಳಿ. ಮುಚ್ಚಿದ ಕಣ್ಣು. ಮೀಸೆಯಲ್ಲಿ ಮಂಜು.
ಫ್ರೀಜರಿನಲ್ಲಿ ಬಂಗುಡೆಯಿಂದ ದೂರ ಇಡಬೇಕೆಂಬುದು
ವಾರಿಜಳ ಒಂದೇ ಷರತ್ತು.
ಡಬ್ಬಿಯ ಮೇಲೆ "ಗಡಿಯಾರದ ಎಣ್ಣೆ" ಎಂದು ಬರೆದವಳೂ ಅವಳೇ.

ಏಳು ದಿನ ಮುಟ್ಟಲಿಲ್ಲ.
ಎಂಟನೆಯ ರಾತ್ರಿ ಬಿಸಿನೀರಲ್ಲಿ ಕರಗಿಸಿ,
ಒರೆಸಿ, ಮಗಳ ಹೇರ್ ಡ್ರೈಯರಿನಲ್ಲಿ ಒಣಗಿಸಿ
ಮುಂದೆ ಹಿಡಿದೆವು.
ಮುಖ ತಿರುಗಿಸಿತು.
ಮುಂದಿನ ವಾರವೂ.
ಮಗಳು ಊಟ ಬಿಟ್ಟಳು ಎಂದೇನಲ್ಲ,
ಆದರೆ ಅನ್ನ ಕಲೆಸುತ್ತಾ ಕೂತೇ ಇದ್ದಳು.

ಮೂರನೆಯ ಸಲ ಸರಿಯಾಗಿ ಕರೆಂಟು ಹೋಯಿತು.
ಹನ್ನೆರಡು ಇಂಚಿನ ಇಕ್ಕಳ ಕತ್ತಲಲ್ಲಿ ಸಿಗಲಿಲ್ಲ.
ಜೇಬಿನಲ್ಲಿತ್ತು ನನ್ನ ಚಿಮುಟ, ನಾಲ್ಕೇ ಇಂಚು,
ಕೂದಲಿಗಿಂತ ಸಣ್ಣ ಸ್ಪ್ರಿಂಗು ಎತ್ತುವಂಥದ್ದು.
ಅದರಲ್ಲಿ ಹಿಡಿದರೆ ನನಗೆ ಕೈ ನಡುಗುವುದಿಲ್ಲ.
"ಅದರ ತುಟಿಯಲ್ಲಿ ಕುಳಿಗಳಿವೆ ಅಪ್ಪಾ,
ಬಿಸಿಯನ್ನು ಕಾಣಲಿಕ್ಕೆ.
ನಿನ್ನ ಕೈಯೂ ಕಾಣುತ್ತದೆ" ಎಂದಳು ಪಿಸುಮಾತಿನಲ್ಲಿ.
ನನಗೇನೂ ಕಾಣುತ್ತಿರಲಿಲ್ಲ.
ಮನೆಯಲ್ಲಿ ರಿಪೇರಿಗೆ ಬಂದ ಗಡಿಯಾರಗಳು
ಅವರವರ ಲೆಕ್ಕದಲ್ಲಿ ನಡೆಯುತ್ತಿದ್ದವು.

ಆಗ
ಎಳೆಯಿತು.

ಇಪ್ಪತ್ತೆರಡು ವರ್ಷ ಈ ಚಿಮುಟ ಹಿಡಿದಿದ್ದೇನೆ.
ಹಿಡಿದದ್ದನ್ನು ಆಚೆಯಿಂದ ಯಾರೂ
ಹೀಗೆ ಕೇಳಿರಲಿಲ್ಲ.
ಬಿಟ್ಟುಕೊಟ್ಟೆ.
ಮಗಳು ನನ್ನ ಭುಜ ಹಿಡಿದದ್ದು
ಉಗುರು ಇಳಿದ ಮೇಲೆ ಗೊತ್ತಾಯಿತು.

ಕರೆಂಟು ಬಂದಾಗ
ಗುಲಾಬಿ ಬಾಲವೊಂದು
ಬಾಯಿಯ ಅಂಚಿನಲ್ಲಿ ನಿಂತಿತ್ತು, ಸೆಕೆಂಡಿನ ಮುಳ್ಳಿನ ಹಾಗೆ,
ಆಮೇಲೆ ಅದೂ ಇಲ್ಲ.
ಬಾಗಿಲಲ್ಲಿ ವಾರಿಜ: "ತಿಂತಾ?"

ಬೆಳಿಗ್ಗೆ ಅಂಗಡಿಯಲ್ಲಿ
ಹೇರ್‌ಸ್ಪ್ರಿಂಗು ಎತ್ತಿ ಹಿಡಿದ ಕೈ
ಸುಮ್ಮನೆ ಒಂದು ಗಳಿಗೆ ಕಾದಿತು.
"ಯಾವಾಗ ಕೊಡ್ತೀರಿ?" ಎಂದ ಗಿರಾಕಿ.
"ಎರಡು ದಿನ ಮುಟ್ಟಬಾರದು" ಎಂದುಬಿಟ್ಟೆ.
ವಾಚಿನ ವಿಷಯವೆಂದೇ ತಿಳಿದು
ಅವನು ತಲೆಯಾಡಿಸಿದ.